ಬಿಟ್ಟುಬಂದ ಮನೆಯ ಬಾಕಿ

ಅಮೆರಿಕದಲ್ಲಿರುವ ನಮ್ಮವರು ಕೈ ಬಿಗಿಯಾದಾಗ ಸಾಲಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಕ್ರೆಡಿಟ್ ಕಾರ್ಡ್ ಮೊದಲು, ಕಾರಿನ ಕಂತು ಆಮೇಲೆ, ಊರಿಗೆ ಕಳಿಸುವ ಹಣ ಎಂದೂ ತಪ್ಪಬಾರದು. ಖಾಲಿ ಮಾಡಿ ಬಂದ ಅಪಾರ್ಟ್‌ಮೆಂಟಿನ ಲೆಕ್ಕ ಮಾತ್ರ ‘ಆಮೇಲೆ ನೋಡೋಣ’ ಎಂದು ಕಡೆಗೆ ಬೀಳುತ್ತದೆ. ಮನೆ ಬಿಟ್ಟಾಯಿತು, ಬೀಗದ ಕೈ ಕೊಟ್ಟಾಯಿತು, ಇನ್ನು ಅವರು ನಮ್ಮನ್ನು ಏನು ಮಾಡಿಯಾರು ಎಂಬ ಭಾವನೆ. ನನಗೆ ಈ ಕ್ರಮವೇ ತಲೆಕೆಳಗಾಗಿ ಕಾಣುತ್ತದೆ. ಕಾರ್ಡಿನ ಕಂಪನಿ ತಿಂಗಳುಗಟ್ಟಲೆ ನೆನಪಿಸುತ್ತದೆ, ಬಡ್ಡಿ ಹಾಕುತ್ತದೆ, ಕಾಯುತ್ತದೆ. ಹಳೆಯ ಮನೆಯವರು ಅಷ್ಟು ಕಾಯುವುದಿಲ್ಲ. ಕೊನೆಯ ಲೆಕ್ಕದ ಪಟ್ಟಿ ಕಳಿಸಿ, ಸಾಮಾನ್ಯವಾಗಿ 30 ದಿನ ನೋಡಿ, ಕಡತವನ್ನು ವಸೂಲಿ ಸಂಸ್ಥೆಗೆ ದಾಟಿಸಿಬಿಡುತ್ತಾರೆ. ಆ 30 ದಿನಗಳಲ್ಲಿ ಬಾಡಿಗೆದಾರನ ಕೈಯಲ್ಲಿ ಇರುವಷ್ಟು ಶಕ್ತಿ ಆಮೇಲೆ ಎಂದೂ ಇರುವುದಿಲ್ಲ. ಈ ಬರಹ ಆ ಅವಧಿಯ ಬಗ್ಗೆ.

ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದು ಬಂದವರಿಗೆ ಇದು ತಕ್ಷಣ ಅರ್ಥವಾಗದಿರುವುದಕ್ಕೆ ಕಾರಣವಿದೆ. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಬಹುಕಾಲದ ರೂಢಿ. ಮಾಲೀಕರ ಕೈಯಲ್ಲಿ ನಮ್ಮ ದುಡ್ಡು ಮೊದಲೇ ಇರುತ್ತದೆ. ಮನೆ ಬಿಡುವಾಗ ಬಣ್ಣದ ಖರ್ಚು, ಬಾಕಿ ಬಾಡಿಗೆ ಎಲ್ಲ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಬೆನ್ನು ಹತ್ತಿ ಓಡಾಡಬೇಕಾದವರು ನಾವು, ಅವರಲ್ಲ. ಟೆಕ್ಸಾಸಿನ ದೊಡ್ಡ ಅಪಾರ್ಟ್‌ಮೆಂಟ್ ಸಂಕೀರ್ಣಗಳಲ್ಲಿ ಒಳ್ಳೆಯ ಕ್ರೆಡಿಟ್ ಇದ್ದವರಿಂದ ಕೆಲವು ನೂರು ಡಾಲರ್ ಠೇವಣಿ ಮಾತ್ರ ತೆಗೆದುಕೊಳ್ಳುವುದುಂಟು. ಹಾಗಾದರೆ ಮಾಲೀಕರಿಗೆ ಭದ್ರತೆ ಎಲ್ಲಿಂದ ಬಂತು? ನಮ್ಮ ಹೆಸರಿನಿಂದ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ, ಜನರ ಸಾಲದ ನಡವಳಿಕೆಯ ದಾಖಲೆ ಇಡುವ ಮೂರು ಕ್ರೆಡಿಟ್ ಸಂಸ್ಥೆಗಳ ಕಡತದಲ್ಲಿರುವ ಹೆಸರೇ ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್. ಬಾಕಿ ಉಳಿದರೆ ಮುರಿದುಕೊಳ್ಳುವುದು ಅದನ್ನೇ.

2023ರಲ್ಲಿ ನನ್ನ ಗಂಡನ ಕೆಲಸ ಹೋಯಿತು. ಆಗ ನಾವು ಡಲ್ಲಾಸ್ ಪಕ್ಕದ ಪ್ಲೇನೊದಲ್ಲಿದ್ದೆವು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಆ ಗಡುವು ಮುಗಿಯುವ ಮೊದಲು ಹ್ಯೂಸ್ಟನ್ನಿನಲ್ಲಿ ಕೆಲಸ ಸಿಕ್ಕಿತು. ಪ್ಲೇನೊದ ಮನೆಯ ಕರಾರು ಇನ್ನೂ ಐದು ತಿಂಗಳು ಬಾಕಿ ಇತ್ತು. ಬಿಡದೆ ದಾರಿಯಿರಲಿಲ್ಲ. ಬಿಟ್ಟೆವು, ಬರಹದಲ್ಲಿ ತಿಳಿಸಿ, ಹೊಸ ವಿಳಾಸವನ್ನೂ ಕೊಟ್ಟು ಬಿಟ್ಟೆವು. ಈ ಹೊಸ ವಿಳಾಸದ ವಿಷಯ ಸಣ್ಣದೆನಿಸಬಹುದು, ಆದರೆ ಟೆಕ್ಸಾಸಿನ ಕಾನೂನಿನಲ್ಲಿ ಅದಕ್ಕೆ ಬಹಳ ತೂಕವಿದೆ. ಮನೆ ಬಿಟ್ಟ 30 ದಿನದೊಳಗೆ ಮಾಲೀಕರು ಠೇವಣಿಯನ್ನು ಹಿಂದಿರುಗಿಸಬೇಕು, ಇಲ್ಲವೇ ಏಕೆ ಮುರಿದುಕೊಂಡೆವೆಂದು ವಿವರ ಕೊಡಬೇಕು. ಆದರೆ ಬಾಡಿಗೆದಾರ ತನ್ನ ಮುಂದಿನ ವಿಳಾಸವನ್ನು ಬರೆದು ಕೊಡುವ ತನಕ ಆ ಬಾಧ್ಯತೆ ಹುಟ್ಟುವುದೇ ಇಲ್ಲ. ಬಾಯಿಮಾತಿನಲ್ಲಿ ಹೇಳಿದ ವಿಳಾಸಕ್ಕೆ ಬೆಲೆಯಿಲ್ಲ. ವಿಳಾಸ ಕೊಡದೆ ಬಂದವರಿಗೆ ಪಟ್ಟಿಯೇ ತಲುಪುವುದಿಲ್ಲ, ಮೊದಲ ಸುದ್ದಿ ವಸೂಲಿಯವರಿಂದಲೇ ಬರುತ್ತದೆ.

ನಮಗೆ ಬಂದ ಪಟ್ಟಿ ಇನ್ನೂ ನನ್ನ ಕಡತದಲ್ಲಿದೆ. ಒಂದು ತಿಂಗಳ ಬಾಡಿಗೆ 1,640 ಡಾಲರ್. ಮನೆಯನ್ನು ಬೇರೆಯವರಿಗೆ ಮತ್ತೆ ಬಾಡಿಗೆಗೆ ಕೊಡುವ ಶುಲ್ಕ, ಕರಾರಿನ ಪ್ರಕಾರ ತಿಂಗಳ ಬಾಡಿಗೆಯ ಶೇಕಡಾ 85, ಅಂದರೆ 1,394. ಕಾರ್ಪೆಟ್ ಬದಲಾವಣೆ 780. ಬಣ್ಣ 320. ಶುಚಿ ಮಾಡಿದ್ದಕ್ಕೆ 120. ನೀರಿನ ಕೊನೆಯ ಬಿಲ್ 58. ಒಟ್ಟು 4,312, ಅದರಲ್ಲಿ ಠೇವಣಿಯ 300 ಕಳೆದು 4,012. ಕೆಳಗೆ ದಪ್ಪ ಅಕ್ಷರದಲ್ಲಿ, 30 ದಿನದಲ್ಲಿ ಪಾವತಿಯಾಗದಿದ್ದರೆ ವಸೂಲಿಗೆ ವಹಿಸಲಾಗುವುದು ಎಂಬ ಸಾಲು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಇಟ್ಟುಕೊಂಡು ಕೂತಾಗ ನಮ್ಮ ಬ್ಯಾಂಕಿನಲ್ಲಿ ಅಷ್ಟು ಹಣವಿರಲಿಲ್ಲ. ಹೊಸ ಮನೆಯ ಠೇವಣಿ, ಸಾಮಾನು ಸಾಗಣೆ, ಸಂಬಳವಿಲ್ಲದ ವಾರಗಳು ಎಲ್ಲವೂ ಸೇರಿ ಉಳಿತಾಯವನ್ನು ತಿಂದುಹಾಕಿದ್ದವು.

ಇಂಥ ಕಾಗದ ಬಂದಾಗ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಒಂದೋ, ಮರ್ಯಾದೆಗೆ ಅಂಜಿ ಇನ್ನೊಂದು ಕಾರ್ಡಿನ ಮೇಲೆ ಪೂರ್ತಿ ಎಳೆದು ಕಟ್ಟಿಬಿಡುತ್ತಾರೆ. ಇಲ್ಲವೇ, ಕೊಡಲು ಹಣವಿಲ್ಲ, ಮಾತಾಡಿ ಏನು ಪ್ರಯೋಜನ ಎಂದು ಸುಮ್ಮನಾಗುತ್ತಾರೆ. ಸುಮ್ಮನಾಗುವವರೇ ಹೆಚ್ಚು. ಅವರು ಮೋಸಗಾರರಲ್ಲ. ಬಾಕಿ ಇಟ್ಟುಕೊಂಡೆವಲ್ಲ ಎಂಬ ನಾಚಿಕೆ ನಮ್ಮ ಕಡೆಯ ಜನರಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಸಾಲ ಕೊಟ್ಟವನ ಮುಖ ನೋಡುವ ಬದಲು ಬೀದಿ ಬದಲಾಯಿಸುವುದನ್ನು ಚಿಕ್ಕಂದಿನಿಂದ ಕಂಡಿರುತ್ತೇವೆ. ಆದರೆ ಇಲ್ಲಿನ ವ್ಯವಸ್ಥೆ ನಾಚಿಕೆಯನ್ನು ಓದುವುದಿಲ್ಲ. ಉತ್ತರ ಬಂತೇ, ಬರಲಿಲ್ಲವೇ ಎಂಬುದಷ್ಟೇ ಅದಕ್ಕೆ ಕಾಣುತ್ತದೆ. ಉತ್ತರ ಬರದ ಕಡತಗಳು ಒಟ್ಟಾಗಿ ವಸೂಲಿಗೆ ಹೋಗುತ್ತವೆ.

ಮೂರನೆಯ ದಾರಿಯೊಂದಿದೆ: ಪಟ್ಟಿಯನ್ನು ಎರಡು ಭಾಗ ಮಾಡುವುದು. ನಿಜವಾಗಿ ಕೊಡಬೇಕಾದದ್ದು ಒಂದು ಕಡೆ, ಕೊಡಬೇಕಾಗಿಲ್ಲದ್ದು ಇನ್ನೊಂದು ಕಡೆ. ಎರಡನ್ನೂ ಒಂದೇ ಪತ್ರದಲ್ಲಿ ಬರೆಯಬೇಕು. ಬಾಡಿಗೆ, ಕರಾರಿನ ಶುಲ್ಕ, ನೀರು, ಶುಚಿ ಇವುಗಳ ಬಗ್ಗೆ ನಮಗೆ ತಕರಾರಿರಲಿಲ್ಲ. ಟೆಕ್ಸಾಸಿನಲ್ಲಿ ಬಾಡಿಗೆದಾರ ಮಧ್ಯದಲ್ಲೇ ಬಿಟ್ಟುಹೋದರೂ ಮಾಲೀಕರು ಮನೆಯನ್ನು ಬೇರೆಯವರಿಗೆ ಕೊಡಲು ಪ್ರಯತ್ನಿಸಲೇಬೇಕು, ಐದು ತಿಂಗಳೂ ಖಾಲಿ ಇಟ್ಟು ಪೂರ್ತಿ ಬಾಡಿಗೆ ಕೇಳುವಂತಿಲ್ಲ. ನಮ್ಮ ಮಾಲೀಕರು ಪ್ರಾಮಾಣಿಕವಾಗಿಯೇ ನಡೆದುಕೊಂಡಿದ್ದರು. ಒಂದು ತಿಂಗಳಲ್ಲಿ ಬೇರೆಯವರು ಬಂದರು, ಲೆಕ್ಕ ಅಲ್ಲಿಗೆ ನಿಂತಿತ್ತು.

ಕಾರ್ಪೆಟ್ಟಿನದು ಬೇರೆ ಮಾತು. ಸಹಜ ಬಳಕೆಯ ಸವೆತಕ್ಕೆ ಠೇವಣಿಯಿಂದ ಮುರಿದುಕೊಳ್ಳುವಂತಿಲ್ಲ ಎಂದು ಇಲ್ಲಿನ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ನಾವು ಆ ಮನೆಗೆ ಬಂದ ದಿನ ಕೊಟ್ಟ ತಪಾಸಣೆಯ ಹಾಳೆಯಲ್ಲಿ ಮಲಗುವ ಕೋಣೆಯ ಕಿಟಕಿಯ ಕೆಳಗೆ ಕಂದು ಕಲೆ, ಬಾಗಿಲ ಬಳಿ ಎಳೆ ಬಿಟ್ಟಿರುವುದು ಎಂದು ನನ್ನ ಕೈಬರಹದಲ್ಲೇ ಇತ್ತು. ಕೆಳಗೆ ಕಚೇರಿಯ ಹುಡುಗಿಯ ಸಹಿ. ಕಲೆಯ ಪಕ್ಕದಲ್ಲಿ ಅಳತೆಗೆಂದು ಬೀಗದ ಕೈಗೊಂಚಲು ಇಟ್ಟು ತೆಗೆದ ಫೋಟೊ ಮೊಬೈಲಿನಲ್ಲಿತ್ತು. ಹಳೆಯ ಕಾರ್ಪೆಟ್ ಕಿತ್ತು ಹೊಸದು ಹಾಸಿದರೆ ಆ ಹೊಸದರ ಬೆಲೆ ಹಿಂದಿನ ಬಾಡಿಗೆದಾರನದಲ್ಲ. ಕಾರ್ಪೆಟ್ ಹಾಸಿ ಎಷ್ಟು ವರ್ಷವಾಯಿತು, ಅದರ ಆಯುಷ್ಯದಲ್ಲಿ ಎಷ್ಟು ಉಳಿದಿತ್ತು, ಖರೀದಿಯ ರಶೀದಿ ಎಲ್ಲಿದೆ ಎಂದು ಕೇಳುವುದು ಜಗಳವಲ್ಲ, ಲೆಕ್ಕ. ಬಣ್ಣದ ಬಗ್ಗೆಯೂ ಹಾಗೆಯೇ ಕೇಳಿದೆವು. ಅವರು ಕಾರ್ಪೆಟ್ಟಿನ 780 ಪೂರ್ತಿ ಬಿಟ್ಟರು, ಬಣ್ಣದಲ್ಲಿ ಅರ್ಧ ಬಿಟ್ಟರು. ಉಳಿದದ್ದು 3,072.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬಾಡಿಗೆ ಬಾಕಿ ಇದ್ದು, ಆ ಮೊತ್ತದ ಬಗ್ಗೆ ತಕರಾರೂ ಇಲ್ಲದಿದ್ದರೆ ವಿವರವಾದ ಪಟ್ಟಿ ಕೊಡುವ ಬಾಧ್ಯತೆ ಟೆಕ್ಸಾಸಿನ ಮಾಲೀಕರಿಗೆ ಇಲ್ಲ. ಹೆಚ್ಚಿನ ಕಚೇರಿಗಳು ಹೇಗೂ ಕೊಡುತ್ತವೆ, ಕೊಡದಿದ್ದರೆ ವಿನಯದಿಂದಲೇ ಕೇಳಬೇಕು. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ವಿವರ ಕೊಡಲು 21 ದಿನ, ನ್ಯೂಜೆರ್ಸಿಯಲ್ಲಿ 30. ನಿಮ್ಮ ರಾಜ್ಯದ ನಿಯಮವನ್ನು ನೀವೇ ಓದಿಕೊಳ್ಳುವುದು ಒಳ್ಳೆಯದು. ವಾಟ್ಸ್ಯಾಪ್ ಗುಂಪಿನಲ್ಲಿ ಬರುವ ಸಲಹೆ ಎಷ್ಟೋ ಸಲ ಬೇರೆ ರಾಜ್ಯದ್ದಾಗಿರುತ್ತದೆ.

3,072ನ್ನು ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 512. ನಮ್ಮಿಂದ ತಪ್ಪದೆ ಆಗುವುದು ಅಷ್ಟೇ ಎಂದು ಬರೆದೆವು. ಆತುರದಲ್ಲಿ ‘ಎರಡೇ ತಿಂಗಳಲ್ಲಿ ಕೊಡುತ್ತೇವೆ’ ಎಂದು ಬರೆದುಬಿಡುವ ಮನಸ್ಸಾಗುತ್ತದೆ, ಒಳ್ಳೆಯವರೆನಿಸಿಕೊಳ್ಳುವ ಆಸೆ. ಅದು ಅಪಾಯ. ದೊಡ್ಡ ಮಾತು ಕೊಟ್ಟು ಎರಡನೆಯ ಕಂತು ತಪ್ಪಿದರೆ, ಏನೂ ಮಾತು ಕೊಡದವರಿಗಿಂತ ಕಡೆಯಾಗಿ ಕಾಣುತ್ತೇವೆ. ಪತ್ರದಲ್ಲಿ ನಾವು ಕೇಳಿದ್ದು ಮೂರು ವಿಷಯಕ್ಕೆ ಒಪ್ಪಿಗೆ: ಕಂತು ಸರಿಯಾಗಿ ಬರುತ್ತಿರುವ ತನಕ ಕಡತವನ್ನು ವಸೂಲಿಗೆ ವಹಿಸಬಾರದು, ಕ್ರೆಡಿಟ್ ಸಂಸ್ಥೆಗಳಿಗೆ ವರದಿ ಮಾಡಬಾರದು, ಕೊನೆಯ ಕಂತಿನ ನಂತರ ಬಾಕಿ ಶೂನ್ಯವೆಂದು ಪತ್ರ ಕೊಡಬೇಕು. ಫೋನಿನಲ್ಲಿ ಕಚೇರಿಯವರು ಎಲ್ಲಕ್ಕೂ ಹೂಂ ಎಂದರು. ಬರಹದಲ್ಲಿ ಬರುವ ತನಕ ನಾವು ಮೊದಲ ಕಂತು ಕಳಿಸಲಿಲ್ಲ. ಆ ಕಚೇರಿಗಳಲ್ಲಿ ಸಿಬ್ಬಂದಿ ಬಹಳ ಬೇಗ ಬದಲಾಗುತ್ತಾರೆ. ಇಂದು ಹೂಂ ಎಂದವರು ಬರುವ ತಿಂಗಳು ಇರದೇ ಹೋಗಬಹುದು, ಅವರ ಜಾಗಕ್ಕೆ ಬಂದವರಿಗೆ ಕಾಣುವುದು ಕಡತದಲ್ಲಿರುವ ಕಾಗದ ಮಾತ್ರ.

ಹಣ ಕಟ್ಟುವುದರಲ್ಲೂ ಒಂದು ತೊಡಕಿದೆ. ಮನೆ ಬಿಟ್ಟ ಮೇಲೆ ಬಾಡಿಗೆದಾರರ ಜಾಲತಾಣದ ಖಾತೆ ಮುಚ್ಚಿಹೋಗುತ್ತದೆ. ಪ್ರತಿ ತಿಂಗಳು ಬಾಡಿಗೆ ಕಟ್ಟುತ್ತಿದ್ದ ಗುಂಡಿ ಮಾಯ. ಹೀಗಾಗಿ ಕೊಡಬೇಕೆಂದಿದ್ದವರೂ ಎಲ್ಲಿ ಕೊಡಬೇಕೆಂದು ತಿಳಿಯದೆ ದಿನ ಕಳೆಯುತ್ತಾರೆ. ನಾವು ಅಂಚೆ ಕಚೇರಿಯಲ್ಲಿ ಮನಿ ಆರ್ಡರ್ ಬರೆಸಿ ನೋಂದಾಯಿತ ಅಂಚೆಯಲ್ಲಿ ಕಳಿಸಿದೆವು. ಅತ್ತ ಸಹಿಯಾಗಿ ಹಿಂದಿರುಗುವ ಹಸಿರು ಕಾರ್ಡುಗಳನ್ನು ಒಂದೊಂದಾಗಿ ಪಟ್ಟಿಯ ಹಿಂದೆ ಪಿನ್ ಮಾಡಿಟ್ಟೆ. ಮನಿ ಆರ್ಡರಿನ ಮೇಲೆ ಹಳೆಯ ಮನೆಯ ಸಂಖ್ಯೆ, ಕಂತಿನ ಸಂಖ್ಯೆ. ಸ್ವಲ್ಪ ಹೆಚ್ಚು ಖರ್ಚು, ಸ್ವಲ್ಪ ಹೆಚ್ಚು ಓಡಾಟ. ಆದರೆ ಕೊಟ್ಟಿಲ್ಲ ಎನ್ನಲು ಯಾರಿಗೂ ಆಸ್ಪದವಿರಲಿಲ್ಲ.

ಮಾಲೀಕರು ಇದಕ್ಕೆಲ್ಲ ಏಕೆ ಒಪ್ಪುತ್ತಾರೆ? ಕರುಣೆಯಿಂದ ಎಂದು ನಾನು ಭಾವಿಸುವುದಿಲ್ಲ, ಕರುಣೆ ಇದ್ದರೆ ಸಂತೋಷ. ವಸೂಲಿ ಸಂಸ್ಥೆಗಳು ಬಂದದ್ದರಲ್ಲಿ ದೊಡ್ಡ ಪಾಲನ್ನು ತಾವೇ ಇಟ್ಟುಕೊಳ್ಳುತ್ತವೆ, ಇಲ್ಲವೇ ಸಾಲವನ್ನು ಅದರ ಮುಖಬೆಲೆಗಿಂತ ಬಹಳ ಕಡಿಮೆಗೆ ಕೊಂಡುಕೊಳ್ಳುತ್ತವೆ. ನಮ್ಮಿಂದ ನೇರವಾಗಿ ಬರುವ 3,072 ಡಾಲರ್ ಮಾಲೀಕರಿಗೆ ಪೂರ್ತಿ 3,072. ಅದೇ ಸಂಸ್ಥೆಯ ಮೂಲಕ ಬಂದರೆ ಎಷ್ಟೋ ಕಡಿಮೆ, ಅದೂ ಬಂದರೆ. ನಾವು ನೇರವಾಗಿ ಕೊಡಲು ಸಿದ್ಧರಿದ್ದೇವೆ ಎಂಬುದೇ ಅವರಿಗೆ ಲಾಭ. ಬೇಡುವವರ ಧ್ವನಿಯಲ್ಲಿ ಮಾತಾಡಬೇಕಿಲ್ಲ. ಆದರೆ ಕಡತ ಒಮ್ಮೆ ದಾಟಿದ ಮೇಲೆ ಹಳೆಯ ಕಚೇರಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಇನ್ನು ಅವರ ಜೊತೆ ಮಾತಾಡಿ.

ದಾಟಿದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಆ ಹಂತದಲ್ಲಿರುವವರೂ ಇದನ್ನು ಓದುತ್ತಿರಬಹುದು. ವಸೂಲಿ ಖಾತೆ ಕ್ರೆಡಿಟ್ ವರದಿಯಲ್ಲಿ ಸುಮಾರು ಏಳು ವರ್ಷ ಉಳಿಯುತ್ತದೆ, ಎಣಿಕೆ ಮೂಲ ಬಾಕಿಯ ಕಾಲದಿಂದ. ಈಗ ತೀರಿಸಿದೆವಲ್ಲ, ಅಳಿಸಿಹೋಗಲಿ ಎಂದರೆ ಅಳಿಸುವುದಿಲ್ಲ. ಈ ವರದಿಯಿಂದ ಕ್ರೆಡಿಟ್ ಅಂಕ ಲೆಕ್ಕ ಹಾಕುವ ವಿಧಾನಗಳು ಹಲವು. ಅವುಗಳಲ್ಲಿ ಫೈಕೊ 9, ಫೈಕೊ 10, ವ್ಯಾಂಟೇಜ್‌ಸ್ಕೋರ್ 3.0 ಇವು ತೀರಿಸಿದ ವಸೂಲಿ ಖಾತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೂ ವ್ಯಾಪಕವಾಗಿ ಬಳಕೆಯಲ್ಲಿರುವ ಫೈಕೊ 8 ಮಾತ್ರ ತೀರಿಸಿದ್ದನ್ನೂ ತೀರಿಸದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅದೇ ಹಣ, ಅದೇ ಪ್ರಾಮಾಣಿಕತೆ, ಆದರೆ ಕಡತ ದಾಟುವ ಮೊದಲು ಕೊಟ್ಟರೆ ಒಂದು ಫಲ, ದಾಟಿದ ಮೇಲೆ ಕೊಟ್ಟರೆ ಇನ್ನೊಂದು. ನನಗೆ ಇದು ಅನ್ಯಾಯವೆನಿಸುತ್ತದೆ. ತೀರಿಸಿದವನಿಗೆ ತೀರಿಸಿದ ಗೌರವ ಸಿಗಬೇಕು. ಸಿಗದಿರುವ ತನಕ ಮೊದಲ ತಿಂಗಳಲ್ಲೇ ಎಚ್ಚರವಾಗಿರುವುದು ಅನಿವಾರ್ಯ.

ದಾಟಿದ ಮೇಲೂ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದಲ್ಲ. 1977ರ ಕೇಂದ್ರ ಕಾನೂನೊಂದು ವಸೂಲಿ ಸಂಸ್ಥೆಗಳನ್ನು ಕಟ್ಟಿಹಾಕಿದೆ. ಸಾಲ ಎಷ್ಟು, ಮೂಲ ಯಾರದು ಎಂಬ ವಿವರವನ್ನು ಅವರು ಮೊದಲ ಸಂಪರ್ಕದಲ್ಲಿ ಅಥವಾ ಅದಾದ ಐದು ದಿನದೊಳಗೆ ಕೊಡಬೇಕು. ಅದು ತಲುಪಿದ 30 ದಿನದೊಳಗೆ ಬರಹದಲ್ಲಿ ತಕರಾರು ಎತ್ತಿದರೆ, ಪುರಾವೆ ಕಳಿಸುವ ತನಕ ವಸೂಲಿಯನ್ನು ನಿಲ್ಲಿಸಬೇಕು. 2021ರ ನವೆಂಬರ್ 30ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಒಂದು ಸಾಲಕ್ಕೆ ಏಳು ದಿನದಲ್ಲಿ ಏಳಕ್ಕಿಂತ ಹೆಚ್ಚು ಸಲ ಕರೆ ಮಾಡಿದರೆ ಅದನ್ನು ಕಿರುಕುಳವೆಂದು ಭಾವಿಸಲು ಅವಕಾಶವಿದೆ. ಬೆಳಿಗ್ಗೆ 8ಕ್ಕೆ ಮೊದಲು, ರಾತ್ರಿ 9ರ ನಂತರ ಕರೆ ಮಾಡುವಂತಿಲ್ಲ. ನಿಮ್ಮನ್ನು ಸಂಪರ್ಕಿಸದೆ ಕ್ರೆಡಿಟ್ ಸಂಸ್ಥೆಗೆ ನೇರವಾಗಿ ವರದಿ ಮಾಡುವಂತೆಯೂ ಇಲ್ಲ. ಬಂಧಿಸುತ್ತೇವೆ, ಗಡೀಪಾರು ಮಾಡಿಸುತ್ತೇವೆ ಎಂದು ಯಾರಾದರೂ ಹೆದರಿಸಿದರೆ ಅದು ಶುದ್ಧ ಸುಳ್ಳು, ಕಾನೂನುಬಾಹಿರ ಕೂಡ. ಬಾಡಿಗೆ ಬಾಕಿಗೆ ಜೈಲಿಲ್ಲ. ಟೆಕ್ಸಾಸಿನಲ್ಲಂತೂ ಇಂಥ ಸಾಮಾನ್ಯ ಸಾಲಕ್ಕೆ ಸಂಬಳವನ್ನು ಮುಟ್ಟುಗೋಲು ಹಾಕದಂತೆ ರಾಜ್ಯದ ಸಂವಿಧಾನವೇ ತಡೆದಿದೆ. ಆದರೆ ನ್ಯಾಯಾಲಯದಲ್ಲಿ ಗೆದ್ದರೆ ಬ್ಯಾಂಕ್ ಖಾತೆಯ ಹಣಕ್ಕೆ ಕೈಹಾಕಬಹುದು. ಆದ್ದರಿಂದ ಸಮನ್ಸ್ ಬಂದರೆ ಮಾತ್ರ ಎಂದೂ ಕಡೆಗಣಿಸಬೇಡಿ. ಉಚಿತ ಕಾನೂನು ನೆರವು ಬೇಕಾದರೆ ಡಲ್ಲಾಸ್ ಕಡೆಯ ಕಡಿಮೆ ಆದಾಯದವರಿಗೆ ‘ಲೀಗಲ್ ಏಡ್ ಆಫ್ ನಾರ್ತ್‌ವೆಸ್ಟ್ ಟೆಕ್ಸಾಸ್’ ಇದೆ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಅದು ವಿದ್ಯಾರ್ಥಿಗಳದು.

ಕರ್ನಾಟಕದಿಂದ ಓದಲು ಬರುವ ಮಕ್ಕಳು ಮೂವರೋ ನಾಲ್ವರೋ ಸೇರಿ ಒಂದು ಅಪಾರ್ಟ್‌ಮೆಂಟ್ ಹಿಡಿಯುತ್ತಾರೆ. ಬಾಡಿಗೆ ನಾಲ್ಕು ಪಾಲು, ಅಕ್ಕಿ-ಬೇಳೆ ನಾಲ್ಕು ಪಾಲು, ಹಾಗೆಯೇ ಹೊಣೆಯೂ ನಾಲ್ಕು ಪಾಲು ಎಂದುಕೊಳ್ಳುತ್ತಾರೆ. ಕರಾರಿನಲ್ಲಿ ಹಾಗಿರುವುದಿಲ್ಲ. ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಒಬ್ಬೊಬ್ಬರೂ ಪೂರ್ತಿ ಬಾಡಿಗೆಗೆ ಹೊಣೆ. ಒಬ್ಬ ಹೋದರೆ ಉಳಿದವರು ಅವನ ಪಾಲನ್ನೂ ತುಂಬಬೇಕು, ತುಂಬದಿದ್ದರೆ ಬಾಕಿ ಎಲ್ಲರ ಹೆಸರಿಗೂ ಬೀಳುತ್ತದೆ. ಕೋಣೆಗೊಂದು ಕರಾರು ಮಾಡುವ ವಿದ್ಯಾರ್ಥಿ ವಸತಿಗಳು ಕೆಲವಿವೆ, ಅಲ್ಲಿ ಈ ತೊಂದರೆಯಿಲ್ಲ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಪರಿಚಯವಿಲ್ಲದವರ ಜೊತೆ ಇರುವುದಾದರೆ ಅದೇ ಮೇಲು ಎಂದು ನಾನು ಹೇಳುತ್ತೇನೆ.

ರಿಚರ್ಡ್‌ಸನ್ನಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಹಬ್ಬದ ಊಟಕ್ಕೆಂದು ಪರಿಚಯದವರ ಮನೆಗೆ ಬಂದಿದ್ದಾಗ ತನ್ನ ಕಥೆ ಹೇಳಿದ. ಜೊತೆಯಲ್ಲಿದ್ದವನು ಓದು ಮುಗಿಸಿ, ಕೆಲಸ ಸಿಗದೆ ಊರಿಗೆ ಹೊರಟುಹೋದ. ಕರಾರು ಇನ್ನೂ ಇತ್ತು. ‘ನಾನು ಹೇಗೂ ವಾಪಸ್ ಬರುವುದಿಲ್ಲ, ನನ್ನ ಮೇಲೆ ಹಾಕಿಬಿಡಿ’ ಎಂದು ಹೋದವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ಎಲ್ಲ ತನ್ನ ತಲೆಗೆ ಬರಲಿ ಎಂದು. ಆದರೆ ಹೋದವನ ಮೇಲೆ ಮಾತ್ರ ಹಾಕುವಂಥ ವ್ಯವಸ್ಥೆ ಇಲ್ಲವೇ ಇಲ್ಲ. ಬಾಕಿ ಉಳಿದವನ ವರದಿಯಲ್ಲಿ ಕಾಣಿಸಿಕೊಂಡಿತು. ಮುಂದಿನ ಮನೆಗೆ ಅರ್ಜಿ ಹಾಕಿದಲ್ಲೆಲ್ಲ ಅವನಿಗೆ ನಿರಾಕರಣೆ. ಹಿಂದಿನ ಮನೆಯ ಬಾಕಿಯನ್ನು ಬಾಡಿಗೆ ಕೊಡುವವರು ಎಲ್ಲಕ್ಕಿಂತ ಮೊದಲು ನೋಡುತ್ತಾರೆ. ಕಾರ್ಡಿನ ಬಾಕಿಯನ್ನಾದರೂ ಕ್ಷಮಿಸಿಯಾರು, ತಮ್ಮಂಥವರಿಗೇ ಉಳಿಸಿಕೊಂಡದ್ದನ್ನು ಕ್ಷಮಿಸುವುದು ಅಪರೂಪ.

ಊರಿಗೆ ಹಿಂದಿರುಗುತ್ತಿರುವವರು ಇದನ್ನು ಯೋಚಿಸಬೇಕು. ಬಿಟ್ಟುಹೋಗುವ ಸಾಲ ಗಾಳಿಯಲ್ಲಿ ಕರಗುವುದಿಲ್ಲ, ಜೊತೆಯಲ್ಲಿದ್ದವನ ತಲೆಗೆ ಬರುತ್ತದೆ, ಜಾಮೀನು ನಿಂತ ದೂರದ ಚಿಕ್ಕಪ್ಪನ ತಲೆಗೆ ಬರುತ್ತದೆ. ಹೊರಡುವ ಮೊದಲು ಕರಾರಿನಿಂದ ನಿಮ್ಮ ಹೆಸರನ್ನು ತೆಗೆಸಿ, ಬದಲಿ ಬಾಡಿಗೆದಾರನ ಹೆಸರನ್ನು ಮಾಲೀಕರ ಒಪ್ಪಿಗೆಯೊಂದಿಗೆ ಬರಹದಲ್ಲಿ ಸೇರಿಸಿ. ಅದು ಆಗದಿದ್ದರೆ ಭಾರತದ ವಿಳಾಸ, ಇಮೇಲ್ ಕೊಟ್ಟು, ಇಲ್ಲಿನ ಬ್ಯಾಂಕ್ ಖಾತೆಯನ್ನು ಲೆಕ್ಕ ಮುಗಿಯುವ ತನಕ ತೆರೆದಿಡಿ. ಹುಬ್ಬಳ್ಳಿಯಿಂದಲೂ ಕಂತು ಕಟ್ಟಬಹುದು. ಕಟ್ಟುತ್ತಿರುವವರು ನನಗೆ ಗೊತ್ತು.

ಪೂರ್ತಿ ಕೊಡಲು ಸಾಧ್ಯವೇ ಇಲ್ಲದವರು ಒಂದಿಷ್ಟು ಬಿಡಿಸಿಕೊಂಡು ಇತ್ಯರ್ಥ ಮಾಡಿಕೊಳ್ಳುವುದುಂಟು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮನ್ನಾ ಆದ ಮೊತ್ತ 600 ಡಾಲರ್ ಅಥವಾ ಹೆಚ್ಚಿದ್ದರೆ 1099-ಸಿ ಎಂಬ ತೆರಿಗೆ ನಮೂನೆ ಬರಬಹುದು, ಬಿಟ್ಟ ಹಣವನ್ನು ನಿಮ್ಮ ಆದಾಯವೆಂದು ಪರಿಗಣಿಸುತ್ತಾರೆ. ಹಾಗೆಯೇ, ಬಹಳ ಹಳೆಯ ಸಾಲವಾದರೆ ಏನನ್ನಾದರೂ ಕೊಡುವ ಮೊದಲು ವಿಚಾರಿಸಿ. ದಾವೆ ಹೂಡಲು ಟೆಕ್ಸಾಸಿನಲ್ಲಿ ನಾಲ್ಕು ವರ್ಷದ ಮಿತಿಯಿದೆ, ಕೆಲವು ರಾಜ್ಯಗಳಲ್ಲಿ ಒಂದು ಸಣ್ಣ ಪಾವತಿಯೂ ಆ ಗಡಿಯಾರವನ್ನು ಮೊದಲಿನಿಂದ ಓಡಿಸಿಬಿಡುತ್ತದೆ.

ಕೊನೆಯ ಕಂತು ಹೋದ ಮೇಲೆ ಶೂನ್ಯ ಬಾಕಿಯ ಪತ್ರಕ್ಕಾಗಿ ನಾವು ಮತ್ತೆ ಕೇಳಬೇಕಾಯಿತು. ಕೇಳದೆ ಅದು ಬರುವುದಿಲ್ಲ. ಬಂದದ್ದು ಎರಡೇ ಸಾಲಿನ ಪತ್ರ. ಅದಾದ ಮೇಲೂ ಮೂರು ಸಂಸ್ಥೆಗಳ ವರದಿಯನ್ನು ತೆಗೆದು ನೋಡಿದೆ. ಸರ್ಕಾರ ಒಪ್ಪಿರುವ ‘ಆನ್ಯುಯಲ್ ಕ್ರೆಡಿಟ್ ರಿಪೋರ್ಟ್’ ಜಾಲತಾಣದಲ್ಲಿ ಈಗ ವಾರಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ತಪ್ಪಾಗಿ ಏನಾದರೂ ಸೇರಿದ್ದರೆ ಅಲ್ಲೇ ತಕರಾರು ಹಾಕಬಹುದು, ಸಾಮಾನ್ಯವಾಗಿ 30 ದಿನದಲ್ಲಿ ಅವರು ಪರಿಶೀಲಿಸಬೇಕು. ನಮ್ಮ ವರದಿಯಲ್ಲಿ ಏನೂ ಇರಲಿಲ್ಲ. ಹ್ಯೂಸ್ಟನ್ನಿನ ಮನೆಯ ಕರಾರನ್ನು ನವೀಕರಿಸುವಾಗ ಆ ಎರಡು ಸಾಲಿನ ಪತ್ರದ ಪ್ರತಿಯನ್ನು ಅರ್ಜಿಯ ಜೊತೆ ಇಟ್ಟುಕೊಂಡು ಹೋಗಿದ್ದೆ. ಯಾರೂ ಕೇಳಲಿಲ್ಲ.